ಗಡಿ ದಾಟಲು ಒಬ್ಬಳು ದೊಡ್ಡವ್ವ

ರೈಲು ಎವರೆಟ್ ಸ್ಟೇಷನ್ ಬಿಟ್ಟ ಮೇಲೆ ಶಶಿಕಾಂತ ಶರಣವ್ವನ ಬಾಯಿಗೆ ಹೊಡೆದ.

ಎರಡು ಬೋಗಿಗಳ ನಡುವಿನ ಜಾಗ ಅದು. ಅಲ್ಲಿ ಗಾಲಿಗಳ ಸದ್ದು ಜೋರು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಕೂತವರಿಗೆ ಏನೂ ಕೇಳುವುದಿಲ್ಲ. ಅದನ್ನು ನೋಡಿಕೊಂಡೇ ಅವನು ಅವಳನ್ನು ಅಲ್ಲಿಗೆ ಕರೆದದ್ದು. ಅಂಗೈಯ ಬುಡದಿಂದ ಹೊಡೆದ. ಕೆಳತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ತಲೆ ಹಿಂದಿನ ತಗಡಿಗೆ ಬಡಿಯಿತು. ಅವಳು ಕುಸಿದು ಕೂತಳು. ಅವನು ಬೂಟಿನ ತುದಿಯಿಂದ ಮೊಣಕಾಲಿಗೆ ಒದ್ದು ಏಳು ಅಂದ. ಅವಳು ಎದ್ದಳು.

ಅವಳು ಕೇಳಿದ್ದು ಒಂದೇ ಮಾತು. 'ನನ್ನ ಮಗಳ ಹೆರಿಗಿಗಿ ನಾ ಊರಾಗ ಇರ್ತೀನೋ ಇಲ್ಲೋ ಹೇಳ್ರಿ, ಸಾವ್ಕಾರ್ರ.'

ಆ ಮಾತಿಗೆ ಬಂದ ಉತ್ತರ ಅದು.

ಶರಣವ್ವ ಆಳಂದದ ಕಡೆಯವಳು. ಊರ ಹೊರಗಿನ ಮಾದಿಗರ ಕೇರಿಯವಳು. ಅವಳ ಅತ್ತೆ ಸೂಲಗಿತ್ತಿ. ಅತ್ತೆಯ ನಂತರ ಅವಳು. ಊರ ಒಳಗಿನ ಮನೆಗಳಲ್ಲಿ ಹೆರಿಗೆಯಾದರೆ ಹಿತ್ತಲ ಬಾಗಿಲಿನಿಂದ ಅವಳನ್ನು ಕರೆಯುತ್ತಿದ್ದರು. ರಕ್ತ, ಮಾಸು, ಮೈಲಿಗೆಯ ಬಟ್ಟೆ ಎಲ್ಲ ಅವಳ ಪಾಲು. ಕೂಸನ್ನು ಎರೆಯುವುದು, ಬಾಣಂತಿಯ ಸೊಂಟ ತಿಕ್ಕುವುದು ಅವಳ ಪಾಲು. ಹನ್ನೊಂದನೆಯ ದಿನ ಮನೆ ಸಾರಿಸಿದ ಮೇಲೆ ಅವಳು ಮತ್ತೆ ಹೊರಗೆ. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ ಬಾಣಂತನಕ್ಕೆ ಅವಳೇ ಬೇಕು. ಶಶಿಕಾಂತನ ತಾಯಿ ಗೌರಾದೇವಿ ಆ ಊರಿನ ದೊಡ್ಡ ಮನೆಯ ಹೆಣ್ಣು. ಶಶಿಕಾಂತ ಅಮೆರಿಕದಲ್ಲಿ ಇಂಜಿನಿಯರ್. ಅವನ ಹೆಂಡತಿ ವೈಶಾಲಿ ಬಸುರಾದಾಗ ಗೌರಾದೇವಿ ಶರಣವ್ವನನ್ನೂ ಜೊತೆಗೆ ಕರೆದುಕೊಂಡು ಹೊರಟಳು.

ಬಾಣಂತನ ಮಾಡುವವಳಿಗೆ ಅಮೆರಿಕ ವೀಸಾ ಕೊಡುವುದಿಲ್ಲ. ನೆಂಟರನ್ನು ನೋಡಲು ಬರುವವರಿಗೆ ಕೊಡುತ್ತದೆ. ಆದ್ದರಿಂದ ಶರಣವ್ವ ಕಾಗದದ ಮೇಲೆ ಗೌರಾದೇವಿಯ ಅಕ್ಕನಾದಳು. ಶಶಿಕಾಂತನಿಗೆ ದೊಡ್ಡವ್ವನಾದಳು. ಚೆನ್ನೈನಲ್ಲಿ ಸಂದರ್ಶನಕ್ಕೆ ನಿಲ್ಲಿಸುವ ಮೊದಲು ಗೌರಾದೇವಿ ತನ್ನ ಹಳೆಯ ಇಳಕಲ್ ಸೀರೆಯನ್ನು ಅವಳಿಗೆ ಉಡಿಸಿದಳು. ಕೊರಳಿಗೆ ಲಿಂಗದ ಕರಡಿಗೆಯನ್ನೂ ಹಾಕಿದಳು. ಹೊರಗೆ ಬಂದ ಕೂಡಲೇ ಕರಡಿಗೆಯನ್ನು ಬಿಚ್ಚಿಸಿಕೊಂಡಳು.

ಉಷಾ ಶರಣವ್ವನ ಒಬ್ಬಳೇ ಮಗಳು. ಶರಣವ್ವ ಅಮೆರಿಕಕ್ಕೆ ಹೊರಟಾಗ ಮಗಳಿಗೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಮೊದಲೊಮ್ಮೆ ಬಸಿರಾಗಿ ಏಳನೇ ತಿಂಗಳಲ್ಲಿ ಕೂಸು ಸತ್ತೇ ಹುಟ್ಟಿತ್ತು. ಆಗ ಶರಣವ್ವ ಇನ್ನಾರದೋ ಮನೆಯಲ್ಲಿ ಯಾರದೋ ಕೂಸನ್ನು ಎರೆಯುತ್ತಿದ್ದಳು. ಕೇರಿಯ ಹುಡುಗ ಓಡಿ ಬಂದು ಕರೆದಾಗ ಆ ಮನೆಯವರು ಕೂಸಿಗೆ ಹೊಗೆ ಹಾಕಿಯೇ ಹೋಗು ಅಂದಿದ್ದರು. ಅವಳು ಹೊಗೆ ಹಾಕಿ ಹೋದಳು. ಹೋದಾಗ ಎಲ್ಲ ಮುಗಿದಿತ್ತು. ಈ ಸಲ ನಿನ್ನ ತಲೆಯ ಹತ್ತಿರ ನಾನೇ ಕೂತಿರುತ್ತೇನೆ ಎಂದು ಮಗಳಿಗೆ ಭಾಷೆ ಕೊಟ್ಟಿದ್ದಳು. ಗೌರಾದೇವಿಗೂ ಅದನ್ನು ಹೇಳಿದ್ದಳು. ಐದು ತಿಂಗಳಿಗೆ ವಾಪಸು ಕಳಿಸುತ್ತೇವೆ ಎಂದು ಗೌರಾದೇವಿ ಕೂಸಿನ ಆಣೆ ಮಾಡಿ ಹೇಳಿದ್ದಳು. ಆಗ ಕೂಸು ಇನ್ನೂ ಹುಟ್ಟಿರಲಿಲ್ಲ. ಅಮೆರಿಕದಲ್ಲಿ ಇಳಿದ ದಿನ ಸೊಸೆಯ ಹೊಟ್ಟೆ ಮುಟ್ಟಿ ಹೇಳಿದ್ದಳು.

ಶಶಿಕಾಂತನ ಮನೆ ಸಿಯಾಟಲ್ ಹತ್ತಿರ, ಕ್ಯಾನ್ಯನ್ ಪಾರ್ಕ್ ಎಂಬಲ್ಲಿ. ಎರಡು ಮಹಡಿ, ನಾಲ್ಕು ಮಲಗುವ ಕೋಣೆ. ಶರಣವ್ವ ಮಲಗಿದ್ದು ಗ್ಯಾರೇಜಿನಲ್ಲಿ, ನೀರು ಕಾಯಿಸುವ ಟ್ಯಾಂಕಿನ ಪಕ್ಕ, ಕಾರಿನ ಹಿಂದೆ. ಬೆಳಿಗ್ಗೆ ಕಾರು ಹೊರಗೆ ಹೋದರೆ ಗಾಳಿ, ಸಂಜೆ ಒಳಗೆ ಬಂದರೆ ಹೊಗೆ. ಅಡುಗೆಮನೆಗೆ ಅವಳು ಕಾಲಿಡುವಂತಿರಲಿಲ್ಲ. ಊರಲ್ಲಾದರೆ ಅವಳಿಗೆ ಬೇರೆ ತಟ್ಟೆ ಇಡಬೇಕು. ಅದನ್ನು ಬೇರೆ ಕಡೆ ತೊಳೆಯಬೇಕು. ಅಮೆರಿಕದಲ್ಲಿ ಮುಟ್ಟದಿರುವುದು ಸುಲಭ. ಕಾಗದದ ತಟ್ಟೆ, ಕಾಗದದ ಲೋಟ. ತಿಂದು ಬಿಸಾಡಿದರೆ ಯಾರಿಗೂ ಮೈಲಿಗೆಯಿಲ್ಲ, ತೊಳೆಯುವ ತಕರಾರೂ ಇಲ್ಲ. ಗೌರಾದೇವಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಮೇಲಿನಿಂದ ರೊಟ್ಟಿ ಬಿಡುತ್ತಿದ್ದಳು. ಜಾತಿ ಸುಳ್ಳು ಎಂದು ಸಾರಿದ ಶರಣರ ಚಿತ್ರ ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿತ್ತು.

ಕೂಸು ಮಾತ್ರ ಅವಳ ಕೈಯಲ್ಲೇ ಇತ್ತು. ಬಚ್ಚಲ ತೊಟ್ಟಿಯಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಣಕಾಲ ಮೇಲೆ ಬೋರಲು ಹಾಕಿ ಎರೆಯುತ್ತಿದ್ದಳು. ಆ ತೊಟ್ಟಿ ಕೊರೆಯುವಷ್ಟು ತಣ್ಣಗೆ. ಎದ್ದಾಗ ಸೊಂಟ ಹಿಡಿದುಕೊಳ್ಳುತ್ತಿತ್ತು. ವೈಶಾಲಿಯ ಬೆನ್ನು, ತೊಡೆ, ಹೊಟ್ಟೆ ತಿಕ್ಕಿ ತಿಕ್ಕಿ ಅವಳ ಹೆಬ್ಬೆರಳ ಕೀಲು ಊದಿತ್ತು. ಮೊದಲ ಸಲ ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದಾಗ ಸೂರಿನಲ್ಲಿದ್ದ ಯಂತ್ರ ಕಿರುಚಿತು. ಅಗ್ನಿಶಾಮಕದವರು ಬಂದರು. ಶಶಿಕಾಂತ ಅವರಿಗೆ ನಗುತ್ತ ಕ್ಷಮೆ ಕೇಳಿದ. ಅವರು ಹೋದ ಮೇಲೆ ಗೌರಾದೇವಿ ಒಲೆಯ ಮೇಲೆ ಕಾದಿದ್ದ ಸೌಟನ್ನು ತಂದು ಶರಣವ್ವನ ಮುಂಗೈಗೆ ಒತ್ತಿದಳು. ಚರ್ಮ ಸೌಟಿಗೆ ಅಂಟಿಕೊಂಡು ಬಂತು. ಆ ಸೌಟನ್ನು ಗೌರಾದೇವಿ ಕಸದ ಡಬ್ಬಿಗೆ ಎಸೆದಳು. ಅದು ಮೈಲಿಗೆಯಾಗಿತ್ತು.

ವೈಶಾಲಿ ನೋಡಿದಳು. ರಾತ್ರಿ ಸುಟ್ಟಗಾಯದ ಮುಲಾಮನ್ನು ಗ್ಯಾರೇಜಿನ ಮೆಟ್ಟಿಲ ಮೇಲೆ ಇಟ್ಟು ಹೋದಳು.

ಆ ಮನೆಯ ಬಾಣಂತನ ಮುಗಿಯುವ ಹೊತ್ತಿಗೆ ಅವಳನ್ನು ಬೇರೆ ಮನೆಗಳೂ ಕೇಳತೊಡಗಿದವು. ಟೋಟೆಮ್ ಲೇಕ್ ಎಂಬ ಬಡಾವಣೆಯಲ್ಲಿ ಜಾಹ್ನವಿ ಎಂಬ ಬೆಂಗಳೂರಿನ ಹೆಂಗಸು ಹೆತ್ತಿದ್ದಳು. ಶಶಿಕಾಂತ ಬೆಳಿಗ್ಗೆ ಶರಣವ್ವನನ್ನು ಅಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಿದ್ದ. ಜಾಹ್ನವಿ ಒಳ್ಳೆಯವಳು. ಮೊದಲ ದಿನ ಮೇಜಿನ ಮೇಲೆ ತಟ್ಟೆ ಇಟ್ಟು ಕೂತ್ಕೊಳ್ಳಿ ಅಂದಳು. ಮರುದಿನ ಯಾರೋ ಫೋನ್ ಮಾಡಿದರು. ಜಾಹ್ನವಿ ಮುಜುಗರದಿಂದ, 'ಬೇಜಾರ್ ಮಾಡ್ಕೋಬೇಡಿ, ನಮ್ಮತ್ತೆಗೆ ಮಡಿ ಜಾಸ್ತಿ,' ಅಂದಳು. ಅವಳ ಅತ್ತೆ ಮೈಸೂರಿನಲ್ಲಿದ್ದರು. ಅಲ್ಲೂ ಕಾಗದದ ತಟ್ಟೆ ಬಂತು.

ಭಾನುವಾರಗಳಂದು ಉಷಾಳ ಜೊತೆ ಮಾತಾಡಲು ಫೋನ್ ಕೊಡುತ್ತಿದ್ದರು. ಕಡೆಕಡೆಗೆ ಲೈನ್ ಸಿಗುತ್ತಿಲ್ಲ ಎನ್ನತೊಡಗಿದರು.

ಪ್ರವಾಸಿಗಳಿಗೆ ಅಮೆರಿಕ ಕೊಟ್ಟದ್ದು ಆರು ತಿಂಗಳು. ಅದು ಮುಗಿಯುವ ಹೊತ್ತಿಗೆ ಶಶಿಕಾಂತನ ತಂಗಿ ಪಕ್ಕದ ಊರು ಬೆಲ್ವ್ಯೂನಲ್ಲಿ ಏಳು ತಿಂಗಳು ತುಂಬಿದ ಬಸುರಿ. ಶರಣವ್ವ ಇನ್ನೂ ಬೇಕಿತ್ತು. ಗೌರಾದೇವಿಯೂ ಮಗಳ ಬಾಣಂತನಕ್ಕೆ ನಿಲ್ಲಬೇಕಿತ್ತು. ಬದರಿನಾಥ ಎಂಬ ಗೆಳೆಯ ಶಶಿಕಾಂತನಿಗೆ ದಾರಿ ಹೇಳಿಕೊಟ್ಟ. ಬೆಳಿಗ್ಗೆ ರೈಲು ಹತ್ತಿ ಕೆನಡಾದ ವ್ಯಾಂಕೂವರ್‌ಗೆ ಹೋಗು, ಸಂಜೆಯ ರೈಲಿಗೆ ವಾಪಸು ಬಾ, ಗಡಿಯಲ್ಲಿ ಹೊಸದಾಗಿ ಆರು ತಿಂಗಳು ಒತ್ತಿಕೊಡುತ್ತಾರೆ, ನಮ್ಮ ಅತ್ತೆಗೆ ನಾನು ಹಾಗೇ ಮಾಡಿಸಿದ್ದು ಎಂದು ಹೇಳಿದ. ಇದು ಸಿಯಾಟಲ್ ಕಡೆಯ ನಮ್ಮವರಲ್ಲಿ ಬಾಯಿಂದ ಬಾಯಿಗೆ ಹರಡಿದ ನಂಬಿಕೆ. ನಂಬಿಕೆ ತಪ್ಪು. ಕೆನಡಾಕ್ಕೆ ಹೋಗಿ ಕೆಲವೇ ದಿನಗಳಲ್ಲಿ ಮರಳಿದವರಿಗೆ ಸಾಮಾನ್ಯವಾಗಿ ಹಳೆಯ ಗಡುವೇ ಮುಂದುವರಿಯುತ್ತದೆ. ಅಧಿಕಾರಿಗೆ ಅನುಮಾನ ಬಂದರೆ ಒಳಗೇ ಬಿಡುವುದಿಲ್ಲ. ಶಶಿಕಾಂತ ಇದನ್ನು ಓದಿ ನೋಡಲಿಲ್ಲ. ನಮ್ಮವರು ಹೇಳಿದ್ದನ್ನು ನಮ್ಮವರು ಪರೀಕ್ಷಿಸುವುದಿಲ್ಲ. ಅವನು ಇಬ್ಬರಿಗೂ ಕೆನಡಾದ ವೀಸಾ ಮಾಡಿಸಿದ. ಅಲ್ಲೂ ಶರಣವ್ವ ದೊಡ್ಡವ್ವ.

ಅವಳಿಗೆ ಹೇಳಿದ್ದೇ ಬೇರೆ. ಊರಿಗೆ ಹೋಗುವ ಮೊದಲು ಗಡಿಯಲ್ಲಿ ಒಂದು ಠಸ್ಸೆ ಹಾಕಿಸಬೇಕು, ಅಷ್ಟೆ ಅಂದರು. ಅವಳು ನಂಬಿದಳು. ಅವತ್ತು ಬೆಳಿಗ್ಗೆ ವೈಶಾಲಿ ಅವಳ ಮುಖ ನೋಡಲಿಲ್ಲ. ಎಡ್ಮಂಡ್ಸಿನಲ್ಲಿ ಸಮುದ್ರದ ಪಕ್ಕದ ಸ್ಟೇಷನ್ನಿನಿಂದ ಹತ್ತಿದರು. ತಾಯಿ ಮಗ ಜೊತೆಗೆ ಕೂತರು. ಶರಣವ್ವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಎಡಕ್ಕೆ ನೀರು ಹಳಿಯ ತನಕ ಬಂದಿತ್ತು. ಅವಳು ನೀರು ನೋಡುತ್ತ ಕೂತಿದ್ದಳು. ಆಗ ಶಶಿಕಾಂತ ತಂಗಿಗೆ ಫೋನ್ ಮಾಡಿದ.

'ಸಂಜಿಗಿ ಇನ್ನಾರು ತಿಂಗಳು ಸಿಗ್ತಾವ, ಚಿಂತಿ ಬಿಡು,' ಅಂದ. 'ನಿನ್ನ ಬಾಣಂತನಕ್ಕ ಇಕೀನೇ. ಅಕಿ ಟಿಕೆಟ್ಟಾ? ಅದು ಹ್ವಾದ ವಾರನೇ ಕ್ಯಾನ್ಸಲ್ ಮಾಡೀನಿ.'

ಅವಳು ಎದ್ದು ಹೋಗಿ ಅವನ ಸೀಟಿನ ಪಕ್ಕ ನಿಂತು ಮೊದಲ ಸಲ ಕೇಳಿದಳು. ಅವನು ಸುತ್ತ ನೋಡಿ, ಬಾ ಎಂದು ಬಾಗಿಲಾಚೆ ಕರೆದುಕೊಂಡು ಹೋದ.

ಹೊಡೆದ ಮೇಲೆ ಅವನು ಮೆಲ್ಲಗೆ ಮಾತಾಡಿದ. ಇಲ್ಲಿ ಎಲ್ಲೆಲ್ಲೂ ಪೊಲೀಸರಿದ್ದಾರೆ ಅಂದ. ನೀನು ಸುಳ್ಳು ಹೇಳಿ ಬಂದವಳು, ನಾನಲ್ಲ ಅಂದ. ಬಾಯಿಬಿಟ್ಟರೆ ಜೈಲಿಗೆ ಹೋಗುವವಳು ನೀನು, ಮಗಳ ಮುಖವನ್ನು ಈ ಜನ್ಮದಲ್ಲಿ ನೋಡುವುದಿಲ್ಲ ಅಂದ. ಕೊನೆಗೆ, 'ನಿನ್ನ ಮಗಳು ಹೆರಲಾಕ ದವಾಖಾನಿ ಅದ. ನನ್ನ ತಂಗಿಗಿ ಇಲ್ಲಿ ಯಾರದಾರ?' ಅಂದ.

ಅವಳು ಸೆರಗಿನಿಂದ ತುಟಿ ಒತ್ತಿಕೊಂಡು ಸೀಟಿಗೆ ಬಂದಳು. ಗೌರಾದೇವಿ ತಿರುಗಿ ನೋಡಿ, 'ಏ ಶರಣಿ, ಸೆರಗು ತೊಳಕೊ. ರಕ್ತ ಕಂಡರ ಕೇಳ್ತಾರ,' ಅಂದಳು.

ಮಧ್ಯಾಹ್ನದ ಹೊತ್ತಿಗೆ ವ್ಯಾಂಕೂವರ್ ಬಂತು. ಅಲ್ಲಿ ಗಡಿಯಾಚೆಯ ರೈಲು ನಿಲ್ಲುವ ಪ್ಲಾಟ್‌ಫಾರ್ಮಿಗೆ ಎತ್ತರದ ತಂತಿಬೇಲಿ. ಕುರಿದೊಡ್ಡಿಯಂತೆ ಎಲ್ಲರನ್ನೂ ಒಂದೇ ದಾರಿಯಲ್ಲಿ ಬಿಡುತ್ತಾರೆ. ಕೆನಡಾದ ಅಧಿಕಾರಿ ಮೂವರನ್ನೂ ನೋಡಿ ಇವರು ಯಾರು ಎಂದು ಕೇಳಿದ. ಶಶಿಕಾಂತ ನಕ್ಕ. ನನ್ನ ತಾಯಿ, ನನ್ನ ದೊಡ್ಡವ್ವ ಅಂದ. ಅನ್ನುತ್ತ ಶರಣವ್ವನ ಹೆಗಲ ಮೇಲೆ ಕೈ ಹಾಕಿ ಹತ್ತಿರ ಎಳೆದುಕೊಂಡ.

ಹೊಡೆಯಲು ಮುಟ್ಟಿದ್ದನ್ನು ಬಿಟ್ಟರೆ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಆ ಕೈ ಅವಳ ಹೆಗಲ ಮೇಲೆ ನಡುಗುತ್ತಿತ್ತು. ಶರಣವ್ವನಿಗೆ ಅದು ತಿಳಿಯಿತು. ಸಾವಿರ ಮೈ ತಿಕ್ಕಿದವಳು ಅವಳು. ಯಾವ ಮೈ ಏನನ್ನು ಬಚ್ಚಿಡುತ್ತಿದೆ ಎಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಈ ಗಂಡಸು ಹೆದರಿದ್ದಾನೆ. ಸಮವಸ್ತ್ರ ಕಂಡರೆ ಇವನ ದನಿ ಇಳಿಯುತ್ತದೆ. ಸಮವಸ್ತ್ರದ ಮುಂದೆ ನಾನು ಇವನಿಗೆ ದೊಡ್ಡವ್ವ.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಎದುರಿನ ಪಾರ್ಕಿನಲ್ಲಿ ಕೂತರು. ತಾಯಿ ಮಗ ಬೆಂಚಿನ ಮೇಲೆ, ಅವಳು ಹುಲ್ಲಿನ ಮೇಲೆ. ಶಶಿಕಾಂತ ಅವಳಿಗೆ ಪಾಠ ಹೇಳಿದ. ನನ್ನ ಹೆಸರು ಏನು, ನನ್ನ ತಂಗಿಯ ಹೆಸರು ಏನು, ನಾನು ಮೊಮ್ಮಗನನ್ನು ನೋಡಲು ಬಂದೆ ಎಂಬ ಇಂಗ್ಲಿಷ್ ಮಾತುಗಳನ್ನು ಹೇಳಿಸಿದ. ತಪ್ಪಿದಾಗ ಗೌರಾದೇವಿ ಕೊಡೆಯ ತುದಿಯಿಂದ ಅವಳ ಪಕ್ಕೆಗೆ ತಿವಿದಳು. ತುಟಿ ಯಾಕೆ ಊದಿದೆ ಎಂದರೆ ರೈಲಿನಲ್ಲಿ ಬಿದ್ದೆ ಅನ್ನು ಅಂದಳು. ಊಟದ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಶರಣವ್ವನ ಪಾಲನ್ನು ಕಾಗದದ ತಟ್ಟೆಗೆ ಮೇಲಿನಿಂದ ಬಿಟ್ಟಳು. ತುಟಿ ಉರಿಯುತ್ತಿತ್ತು. ಶರಣವ್ವ ಒಂದು ರೊಟ್ಟಿಯನ್ನು ಕಚ್ಚಿ ಇಟ್ಟಳು. ಉಳಿದದ್ದನ್ನು ಕಾಗದ ಮಡಚಿ ಉಡಿಯಲ್ಲಿ ಕಟ್ಟಿಕೊಂಡಳು. ಪಾಠವನ್ನು ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಶಶಿಕಾಂತನಿಗೆ ಸಮಾಧಾನವಾಯಿತು.

ವಾಪಸು ಹೋಗುವವರನ್ನು ಅಮೆರಿಕದ ಅಧಿಕಾರಿಗಳು ವ್ಯಾಂಕೂವರ್ ಸ್ಟೇಷನ್ನಿನಲ್ಲೇ ಕೂತು ಪರೀಕ್ಷಿಸುತ್ತಾರೆ. ಗಡಿ ಇನ್ನೂ ಮೈಲಿಗಟ್ಟಲೆ ದಕ್ಷಿಣಕ್ಕಿದೆ. ತೀರ್ಪು ಮಾತ್ರ ಇಲ್ಲೇ. ತಪಾಸಣೆಯ ಕಟ್ಟೆಯ ಹಿಂದೆ ಇದ್ದದ್ದು ಒಬ್ಬಳು ಹೆಂಗಸು, ನರೆತ ಕೂದಲನ್ನು ಬಿಗಿದು ಕಟ್ಟಿದವಳು. ಪಾಸ್‌ಪೋರ್ಟ್‌ಗಳನ್ನು ನೋಡಿದಳು. ಇಬ್ಬರ ಗಡುವೂ ಮುಗಿಯಲು ಕೆಲವೇ ದಿನ, ಬೆಳಿಗ್ಗೆ ಬಂದು ಸಂಜೆ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದಳು. ಶಶಿಕಾಂತ ಊರು ತೋರಿಸಲು ಅಂದ. ಎಲ್ಲೆಲ್ಲಿ ಹೋದಿರಿ ಎಂದು ಕೇಳಿದಳು. ಅವನು ತಡವರಿಸಿದ. ಅವಳು ಶರಣವ್ವನ ತುಟಿ ನೋಡಿದಳು. ಮುಂಗೈಯ ಗುರುತು ನೋಡಿದಳು. ಏನಾಯಿತು ಎಂದು ಶರಣವ್ವನನ್ನೇ ಕೇಳಿದಳು. ಶಶಿಕಾಂತ ಉತ್ತರ ಹೇಳಲು ಬಾಯಿ ತೆರೆದ. ಅಧಿಕಾರಿ ಕೈ ಎತ್ತಿ ತಡೆದಳು. ಫೋನಿನಲ್ಲಿ ದುಭಾಷಿಯನ್ನು ಹುಡುಕುತ್ತೇವೆ, ಅಲ್ಲಿಯವರೆಗೆ ಕಣ್ಣಿಗೆ ಕಾಣುವ ಹಾಗೆ ಅಲ್ಲಿ ಕೂತಿರಿ ಎಂದು ಗೋಡೆಯ ಬದಿಯ ಬೆಂಚು ತೋರಿಸಿದಳು. ಅಲ್ಲಿಂದ ನಾಲ್ಕು ಹೆಜ್ಜೆಗೆ ಇಬ್ಬರು ಸಮವಸ್ತ್ರದವರು ನಿಂತಿದ್ದರು. ಸಾಲಿನಲ್ಲಿ ಜನ ನೋಡುತ್ತಿದ್ದರು.

ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಬೇರೆ ಬೆಂಚಿರಲಿಲ್ಲ.

ಗೌರಾದೇವಿ ಕೆಳಗೆ ನೋಡುತ್ತ, 'ಬಾಯಿ ತೆರೆದರ ಹೂತು ಬಿಡ್ತೀವಿ ನೋಡು,' ಎಂದು ಪಿಸುಗುಟ್ಟಿದಳು.

ಶರಣವ್ವ ಉಡಿಯಿಂದ ಕಾಗದದ ಪೊಟ್ಟಣ ತೆಗೆದಳು. ತಾನು ಕಚ್ಚಿಟ್ಟಿದ್ದ ರೊಟ್ಟಿಯನ್ನು ಮುರಿದಳು. ಪಲ್ಯ ಒತ್ತಿ ತುತ್ತು ಮಾಡಿದಳು. ಶಶಿಕಾಂತನ ಬಾಯಿಯ ಹತ್ತಿರ ಹಿಡಿದಳು.

'ಮುಂಜಾನಿಂದ ಏನೂ ತಿಂದಿಲ್ಲ ನನ್ನ ಮಗಾ,' ಅಂದಳು, ಸಾಲಿನವರಿಗೆಲ್ಲ ಕೇಳುವ ಹಾಗೆ. 'ತಿನ್ನು. ದೊಡ್ಡವ್ವನ ಕೈ ತುತ್ತು.'

ಅವನು ಮುಖ ಹಿಂದಕ್ಕೆ ತೆಗೆದ. ತುತ್ತು ಅವನ ತುಟಿಯನ್ನು ಹಿಂಬಾಲಿಸಿತು. ಸಮವಸ್ತ್ರದವನೊಬ್ಬ ಈ ಕಡೆ ತಿರುಗಿದ. ಸಾಲಿನಲ್ಲಿದ್ದ ಬಿಳಿಯ ಮುದುಕಿಯೊಬ್ಬಳು ನಕ್ಕಳು. ಶಶಿಕಾಂತ ಬಾಯಿ ತೆರೆದ. ತುತ್ತು ಒಳಗೆ ಹೋಯಿತು. ಅವನು ಅಗಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅವಳು ಅವನ ಗಲ್ಲ ಹಿಡಿದು, ನುಂಗು ಅಂದಳು. ಅವನು ನುಂಗಿದ.

'ತಂಗಿ, ನೀನೂ,' ಅಂದಳು.

ಗೌರಾದೇವಿ ಹಲ್ಲು ಕಚ್ಚಿಕೊಂಡಿದ್ದಳು. ಶರಣವ್ವ ಕೂಸಿಗೆ ಔಷಧ ಕುಡಿಸುವ ಹಾಗೆ ಎರಡು ಬೆರಳಿನಿಂದ ಕೆನ್ನೆ ಒತ್ತಿದಳು. ಬಾಯಿ ತೆರೆಯಿತು. ತುತ್ತು ಹಾಕಿದಳು. ಗೌರಾದೇವಿಗೆ ಓಕರಿಕೆ ಬಂತು. ಸೆರಗು ಬಾಯಿಗೆ ತುರುಕಿಕೊಂಡಳು. ಉಗುಳಿದರೆ ಅಕ್ಕನ ಅನ್ನ ಉಗುಳಿದ ಹಾಗೆ. ಕಟ್ಟೆಯ ಹಿಂದಿನ ಹೆಂಗಸು ಫೋನ್ ಕಿವಿಗಿಟ್ಟುಕೊಂಡೇ ನೋಡುತ್ತಿದ್ದಳು.

ಮೂರನೆಯ ತುತ್ತು. ನಾಲ್ಕನೆಯದು. ಶಶಿಕಾಂತ ತಿನ್ನುತ್ತಲೇ ಇದ್ದ. ಅವನ ಹಣೆಯಲ್ಲಿ ಬೆವರು ಒಡೆದಿತ್ತು. ಬಲಗೈ ತೊಡೆಯ ಮೇಲೆ ಮುಷ್ಟಿಯಾಗುತ್ತಿತ್ತು, ಬಿಚ್ಚುತ್ತಿತ್ತು. ಶರಣವ್ವ ಅವನ ಮುಖ ನೋಡಲಿಲ್ಲ. ಆ ಕೈಯನ್ನೇ ನೋಡುತ್ತಿದ್ದಳು. ಆರು ತಿಂಗಳು ಆ ಕೈಯನ್ನು ಅವಳು ಓದಿದ್ದಳು. ಅದು ಎಷ್ಟು ಹೊತ್ತು ತಡೆಯುತ್ತದೆ ಎಂಬುದೂ ಗೊತ್ತಿತ್ತು.

ಅವಳು ಎದ್ದು ನಿಂತಳು.

'ಎಷ್ಟ್ ಸೊರಗಿದಿಯೋ,' ಅಂದಳು. ಅವನ ಕೆನ್ನೆ ತಟ್ಟಿದಳು. ಇನ್ನೊಂದು ಸಲ ತಟ್ಟಿದಳು, ಸ್ವಲ್ಪ ಜೋರಾಗಿ. ಮತ್ತೊಂದು. ಚಟ್ ಎಂದು ಸದ್ದು ಬಂತು. 'ಕೆಟ್ಟ ಕಣ್ಣು ಬಿದ್ದಾದ ನಿನಗ. ಊರ ಮಂದಿ ಕಣ್ಣು. ಬಾ, ದಿಷ್ಟಿ ತಗೀತೀನಿ.'

ನಮ್ಮ ಕಡೆ ದೊಡ್ಡವ್ವಂದಿರು ಹೀಗೆ ಮಾಡುತ್ತಾರೆ. ಎರಡೂ ಕೈಯಿಂದ ಮುಖ ನೀವಿ, ತಮ್ಮ ಕಣತಲೆಗೆ ಬೆರಳೊತ್ತಿ ಲಟಿಕೆ ಮುರಿಯುತ್ತಾರೆ. ಆಮೇಲೆ ಮುಖದ ಮೇಲೆ ಥೂ ಥೂ ಅನ್ನುತ್ತಾರೆ. ಉಗುಳುವುದಿಲ್ಲ. ಉಗುಳಿದ ಹಾಗೆ ಮಾಡುತ್ತಾರೆ. ಶಶಿಕಾಂತನಿಗೆ ಇದೆಲ್ಲ ಗೊತ್ತು. ಅವನಿಗೂ ದೊಡ್ಡವ್ವಂದಿರಿದ್ದರು.

ಶರಣವ್ವ ಅವನ ಮುಖ ನೀವಿದಳು. ಹಣೆಯಿಂದ ಗಲ್ಲದವರೆಗೆ, ನಿಧಾನವಾಗಿ, ಪಲ್ಯದ ಎಣ್ಣೆ ಹತ್ತಿದ ಕೈಯಿಂದ. ಲಟಿಕೆ ಮುರಿದಳು. ಬಾಗಿದಳು. ತುಟಿಯ ಸೀಳು ಬಿಚ್ಚಿಕೊಂಡು ಬಾಯಿಯಲ್ಲಿ ರಕ್ತ ಸೇರಿತ್ತು.

'ಥೂ,' ಅಂದಳು.

ಉಗುಳಿದಳು.

'ಥೂ.'

ಮತ್ತೆ ಉಗುಳಿದಳು. ಕೆಂಪು ಉಗುಳು ಅವನ ಕನ್ನಡಕದ ಮೇಲೆ, ಮೂಗಿನ ಮೇಲೆ, ತುಟಿಯ ಮೇಲೆ ಇಳಿಯಿತು.

ಮೂರನೆಯದಕ್ಕೆ ಅವನ ಕೈ ಎದ್ದಿತು. ಈ ಸಲ ಮುಷ್ಟಿ. ಅವಳ ಕೆನ್ನೆಯ ಎಲುಬಿಗೆ ಬಿತ್ತು. ಅವಳು ಬೆಂಚಿನ ಅಂಚಿಗೆ ಬಡಿದು ನೆಲಕ್ಕೆ ಉರುಳಿದಳು. ಅವನು ಮೇಲೆ ಬಂದ. ಹೊಟ್ಟೆಗೆ ಒದ್ದ. 'ಹೊಲಸು ರಂಡೆ, ಮಾದಿಗ್ತಿ, ನನ್ನ ಮಾರಿ ಮ್ಯಾಲ—' ಎಂದು ಕಿರುಚುತ್ತಿದ್ದ. ಇನ್ನೊಮ್ಮೆ ಕಾಲೆತ್ತಿದ. ಆ ಕಾಲು ಇಳಿಯಲಿಲ್ಲ. ಇಬ್ಬರು ಸಮವಸ್ತ್ರದವರು ಹಿಂದಿನಿಂದ ಬಿದ್ದು ಅವನನ್ನು ನೆಲಕ್ಕೆ ಕೆಡವಿದರು. ಕನ್ನಡಕ ಒಡೆಯಿತು. ಒಬ್ಬ ಬೆನ್ನ ಮೇಲೆ ಮೊಣಕಾಲೂರಿದ. ಕೈಗಳನ್ನು ಹಿಂದಕ್ಕೆ ತಿರುಚಿದರು. ಅವನ ಕೆನ್ನೆ ನೆಲದ ಫರ್ಶಿಗೆ ಒತ್ತಿಕೊಂಡಿತ್ತು. ಶರಣವ್ವನ ಕೆನ್ನೆಯೂ ಫರ್ಶಿಯ ಮೇಲಿತ್ತು. ಇಬ್ಬರೂ ಎದುರುಬದುರು ಮಲಗಿದ್ದರು.

ಅವಳಿಗೆ ಸಂತೋಷವಾಗಲಿಲ್ಲ. ಬೆನ್ನ ಮೇಲಿನ ಮೊಣಕಾಲನ್ನು ಅವಳು ಮೊದಲೂ ನೋಡಿದ್ದಳು. ಊರ ಕಡೆ ಒಂದು ಠಾಣೆಯಲ್ಲಿ, ದೊಡ್ಡ ಮನೆಯವರ ಮಾತಿನ ಮೇಲೆ, ಅವಳ ಗಂಡನ ಬೆನ್ನ ಮೇಲೆ. ಅವನು ಆಮೇಲೆ ನೆಟ್ಟಗೆ ನಡೆಯಲಿಲ್ಲ. ಮೊಣಕಾಲು ಅದೇ, ಬೆನ್ನು ಮಾತ್ರ ಬೇರೆ. ಅವಳು ಕಣ್ಣು ತೆಗೆಯದೆ ನೋಡಿದಳು.

ಶಶಿಕಾಂತನನ್ನು ಎಬ್ಬಿಸಿ ಒಳಗಿನ ಕೋಣೆಗೆ ಒಯ್ದರು. ನಗರದ ಪೊಲೀಸರಿಗೆ ಕರೆ ಹೋಯಿತು. ಗೌರಾದೇವಿ ಬೆಂಚಿನಿಂದ ಜಾರಿ ನೆಲಕ್ಕೆ ಬಂದು ಶರಣವ್ವನ ಪಾದ ಹಿಡಿದಳು. ನಿಜವಾಗಿ ಹಿಡಿದಳು, ಎರಡೂ ಕೈಯಿಂದ. ಸಿಟ್ಟಿನ ಭರದಲ್ಲಿ ಆಯಿತೆಂದು ಹೇಳು ಅಂದಳು. ಮನೆಯ ಜಗಳ ಅಂತ ಹೇಳು, ಬಿಡುತ್ತಾರೆ ಅಂದಳು. ನಾಳೆಯೇ ವಿಮಾನ ಹತ್ತಿಸುತ್ತೇನೆ, ಮೊಮ್ಮಗನ ಆಣೆ ಅಂದಳು. 'ಯಕ್ಕಾ,' ಅಂದಳು.

ಶರಣವ್ವ ಕಾಲು ಬಿಡಿಸಿಕೊಂಡಳು.

ಫೋನಿನಲ್ಲಿ ಕನ್ನಡದ ದುಭಾಷಿ ಸಿಗಲಿಲ್ಲ. ಹಿಂದಿ ಬರುತ್ತದೆಯೇ ಎಂದು ಸನ್ನೆಯಲ್ಲಿ ಕೇಳಿದರು. ಆಳಂದದ ಕಡೆಯವರಿಗೆ ದಖನಿ, ಅಂದರೆ ಆ ಕಡೆಯ ಉರ್ದು, ಬರುತ್ತದೆ. ನೆಲ ಒರೆಸುತ್ತಿದ್ದ ಗುರ್ಮೇಜ್ ಕೌರ್ ಎಂಬ ಪಂಜಾಬಿ ಹೆಂಗಸನ್ನು ಕರೆದರು. ಅವಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಬಂದು ಶರಣವ್ವನ ಪಕ್ಕ ನೆಲದ ಮೇಲೆಯೇ ಕೂತಳು. ಮೊದಲು ಜೇಬಿನಿಂದ ಬಟ್ಟೆ ತೆಗೆದು ಅವಳ ಬಾಯಿ ಒರೆಸಿದಳು. ನರೆಗೂದಲಿನ ಅಧಿಕಾರಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದಳು. ಅವನು ನಿನ್ನ ತಂಗಿಯ ಮಗನೇ?

ಗುರ್ಮೇಜ್ ಅದನ್ನು ತನ್ನ ಹಿಂದಿಯಲ್ಲಿ ಕೇಳಿದಳು. ಹೌದು ಅಂದರೆ ಅದು ಮನೆಯ ಜಗಳ. ಅಲ್ಲ ಅಂದರೆ ಚೆನ್ನೈನಿಂದ ಇಲ್ಲಿಯವರೆಗೆ ಹೇಳಿದ ಸುಳ್ಳಿನಲ್ಲಿ ಅವಳೂ ಇದ್ದಾಳೆ. ಅಮೆರಿಕದ ಬಾಗಿಲು ಮುಚ್ಚುತ್ತದೆ. ಮುಂದೇನು ಎಂದು ಯಾರಿಗೂ ಗೊತ್ತಿಲ್ಲ. ಶರಣವ್ವನಿಗೆ ಇಷ್ಟೆಲ್ಲ ತಿಳಿದಿತ್ತು. ಶಶಿಕಾಂತನೇ ರೈಲಿನಲ್ಲಿ ತಿಳಿಸಿದ್ದ.

ಅವಳು ಮೊದಲು ಕನ್ನಡದಲ್ಲಿ ಹೇಳಿದಳು, ಗೌರಾದೇವಿಯ ಕಡೆ ತಿರುಗಿ.

'ನಾ ಯಾರಿಗೂ ದೊಡ್ಡವ್ವ ಅಲ್ಲ. ಇವರ ಮನ್ಯಾಗ ಕೂಸು ಎರೆಯಾಕಿ. ಗ್ಯಾರೇಜಿನಾಗ ಮಲಗಾಕಿ. ಇವರು ನನ್ನ ಸುಟ್ಟಾರ, ಬಡದಾರ. ನಾ ಉಷಾನ ಅವ್ವ, ಅಷ್ಟೇ.'

ಆಮೇಲೆ ಅದನ್ನೇ ದಖನಿಯಲ್ಲಿ ಹೇಳಿದಳು. ಗುರ್ಮೇಜ್ ಇಂಗ್ಲಿಷಿನಲ್ಲಿ ಹೇಳಿದಳು. ಸುಟ್ಟದ್ದು ಎಂಬಲ್ಲಿ ಶರಣವ್ವನ ಮುಂಗೈ ಎತ್ತಿ ತೋರಿಸಿದಳು. ಅಧಿಕಾರಿ ಬರೆದುಕೊಂಡಳು. ಈ ರೈಲಿಗೆ ನಿಮ್ಮಲ್ಲಿ ಯಾರನ್ನೂ ಹತ್ತಿಸಲಾಗುವುದಿಲ್ಲ ಅಂದಳು. ಪಾಸ್‌ಪೋರ್ಟನ್ನು ಶರಣವ್ವನ ಕೈಗೇ ಕೊಟ್ಟಳು. ಇನ್ನು ಇಲ್ಲಿಯ ಪೊಲೀಸರು ಮಾತಾಡುತ್ತಾರೆ, ಹೆಂಗಸರಿಗೆ ಉಳಿಯಲು ಜಾಗವಿದೆ, ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಒಂದೊಂದಾಗಿ ಹೇಳಿದಳು.

'ತುಝೇ ಕ್ಯಾ ಚಾಹಿಯೇ, ಭೈಣ್?' ನಿನಗೆ ಏನು ಬೇಕು ಎಂದು ಗುರ್ಮೇಜ್ ತಾನಾಗಿ ಕೇಳಿದಳು. ಅದು ಅಧಿಕಾರಿಯ ಪ್ರಶ್ನೆಯಲ್ಲ.

'ಘರ್ ಜಾನಾ ಹೈ,' ಅಂದಳು ಶರಣವ್ವ. 'ಬೇಟೀಕಿ ಜಚಗೀ ಹೈ.'

ಮನೆಗೆ ಹೋಗಬೇಕು, ಮಗಳ ಹೆರಿಗೆ ಇದೆ ಎಂಬ ಮಾತು ಪಂಜಾಬಿನವಳಿಗೂ ತಿಳಿಯಿತು. ಅವಳು ಏಪ್ರನ್ನಿನ ಜೇಬಿನಿಂದ ಫೋನ್ ತೆಗೆದಳು. ನಂಬರ್ ಹೇಳು ಅಂದಳು. ಶರಣವ್ವ ಬಾಯಿಪಾಠ ಹೇಳಿದಳು. ದವಡೆ ಊದಿ ಅಂಕಿಗಳು ತೊದಲಿದವು. ಗುರ್ಮೇಜ್ ಎರಡು ಸಲ ತಪ್ಪು ಒತ್ತಿದಳು. ಮೂರನೆಯ ಸಲ ರಿಂಗಾಯಿತು.

ಊರಲ್ಲಿ ಆಗ ನಸುಕು. ಹುಂಜದ ಕೂಗು ಫೋನಿನಲ್ಲಿ ಮೊದಲು ಬಂತು. ಆಮೇಲೆ ಉಷಾ. ಯಾರು ಯಾರು ಎಂದು ಕೇಳಿದಳು. ತಾಯಿಯ ದನಿ ತಿಳಿದು ಅತ್ತಳು. ಎಷ್ಟು ವಾರದಿಂದ ಫೋನ್ ಮಾಡುತ್ತಿದ್ದೇನೆ, ಆ ಮನೆಯವರು ಎತ್ತುವುದಿಲ್ಲ ಅಂದಳು. ಹೊಟ್ಟೆ ಕೆಳಗಿಳಿದಿದೆ, ನಿನ್ನೆಯಿಂದ ಸೊಂಟ ಹಿಡಿಯುತ್ತಿದೆ, ದವಾಖಾನೆಯವರು ಇನ್ನೂ ದಿನ ಇದೆ ಅನ್ನುತ್ತಾರೆ ಅಂದಳು. ಶರಣವ್ವ ಎಲ್ಲಿ ಹಿಡಿಯುತ್ತದೆ, ಮುಂದೋ ಹಿಂದೋ ಎಂದು ಕೇಳಿದಳು. ಎಡಮಗ್ಗುಲಿಗೆ ಮಲಗು ಅಂದಳು.

ಗಾಜಿನಾಚೆ ಬೇಲಿಯೊಳಗೆ ರೈಲು ಅಲುಗಿತು. ಬೋಗಿಗಳು ಒಂದೊಂದಾಗಿ ಸರಿದವು. ಗೌರಾದೇವಿ ಎದ್ದು ಗಾಜಿನ ಹತ್ತಿರ ಓಡಿದಳು. ಯಾರೋ ಅವಳನ್ನು ತಡೆದರು.

'ಯವ್ವಾ, ಎಲ್ಲಿದ್ದಿ ನೀ?' ಉಷಾ ಕೇಳುತ್ತಿದ್ದಳು.

ಶರಣವ್ವ ಸುತ್ತ ನೋಡಿದಳು. ಆ ಊರಿನ ಹೆಸರು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ದಾರಿ ಯಾವುದು, ವಿಮಾನ ಯಾವುದು, ಟಿಕೆಟ್ ಯಾರು ಕೊಡುತ್ತಾರೆ, ಒಂದೂ ಗೊತ್ತಿರಲಿಲ್ಲ. ಅವಳು ಬೆಂಚು ಹಿಡಿದು ಎದ್ದು ನಿಂತಳು.

'ಹೊಂಟೀನಿ,' ಅಂದಳು.